ಐನಿ ನಮ್ಮ ನೆಲೆಯಾಗಿರಲಿಲ್ಲ

ಮಾನ್ಯ ಸಂಪಾದಕರೇ,

ತಜಿಕಿಸ್ತಾನದ ಐನಿ ವಾಯುನೆಲೆಯಿಂದ ಭಾರತ ಹಿಂದೆ ಸರಿದದ್ದರ ಕುರಿತ ಬರಹಗಳಲ್ಲಿ ‘ನಮ್ಮ ನೆಲೆ ಕೈತಪ್ಪಿತು’ ಎಂಬ ಧಾಟಿಯೇ ಹೆಚ್ಚಾಗಿ ಕಾಣುತ್ತಿದೆ. ರಾಜಧಾನಿ ದುಶಾಂಬೆಯ ಪಶ್ಚಿಮಕ್ಕಿರುವ ಆ ನೆಲೆ ತಜಿಕಿಸ್ತಾನದ್ದೇ ಆಗಿತ್ತು. ಸೋವಿಯತ್ ಕಾಲದ ನಂತರ ಹಾಳುಬಿದ್ದಿದ್ದ ಅದರ ರನ್‌ವೇಯನ್ನು ಭಾರತ ತನ್ನ ಹಣದಿಂದ ದುರಸ್ತಿ ಮಾಡಿಸಿ, ಸುಮಾರು 3,200 ಮೀಟರಿಗೆ ವಿಸ್ತರಿಸಿ, ಹ್ಯಾಂಗರ್‌ಗಳನ್ನು ಕಟ್ಟಿಸಿಕೊಟ್ಟದ್ದು ನಿಜ. ಆದರೆ ನಮ್ಮ ಯುದ್ಧವಿಮಾನಗಳ ಸ್ಕ್ವಾಡ್ರನ್ ಯಾವುದೂ ಅಲ್ಲಿ ಕಾಯಂ ಆಗಿ ಇರಲಿಲ್ಲ. ಐನಿಯೊಂದಿಗೆ ಹಲವರು ಬೆರೆಸುವ, ಅಫ್ಘನ್ ಗಡಿಯ ಬಳಿಯ ಫರ್ಖೋರ್ ಬೇರೆಯೇ ಊರು. ತಾಲಿಬಾನ್ ವಿರುದ್ಧ ಹೋರಾಡುತ್ತಿದ್ದ ಉತ್ತರ ಮೈತ್ರಿಕೂಟದ ಗಾಯಾಳುಗಳಿಗೆ ಭಾರತ ಆಸ್ಪತ್ರೆ ನಡೆಸಿದ್ದು ಅಲ್ಲಿ. ಈ ಎರಡನ್ನೂ ಬೆರೆಸಿ ಬರೆಯುವುದು ಇಂಗ್ಲಿಷ್ ಪತ್ರಿಕೆಗಳಲ್ಲೂ ಇದೆ ಎಂಬುದು ನಮಗೆ ಸಮಾಧಾನವಾಗಬಾರದು.

ಆತಿಥೇಯ ತಜಿಕಿಸ್ತಾನದ ವಾಯುಪಡೆಯ ಬಗ್ಗೆ ಯಾರೂ ಬರೆದಂತಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ, ತಮ್ಮ ನೆಲದಲ್ಲಿ ಬೀಡುಬಿಟ್ಟಿದ್ದ ವಿಮಾನದಳಗಳು ಕಜಕಿಸ್ತಾನ, ಉಜ್ಬೇಕಿಸ್ತಾನಗಳ ಪಾಲಾದವು. ತಜಿಕಿಸ್ತಾನಕ್ಕೆ ಹಾಗೆ ದಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ 1992ರಿಂದ 1997ರವರೆಗೆ ಅಂತರ್ಯುದ್ಧ. ಇಂದು ಅದರ ಬಲವೆಂದರೆ ಮುಖ್ಯವಾಗಿ ಎಂಐ-8, ಎಂಐ-24 ಹೆಲಿಕಾಪ್ಟರ್‌ಗಳು, ಜೊತೆಗೆ ಬೆರಳೆಣಿಕೆಯ ಎಲ್-39 ತರಬೇತಿ ಜೆಟ್‌ಗಳು. ಶೇ 90ಕ್ಕೂ ಹೆಚ್ಚು ಭಾಗ ಬೆಟ್ಟಗಳೇ ಇರುವ ದೇಶಕ್ಕೆ ಹೆಲಿಕಾಪ್ಟರೇ ಹೆಚ್ಚು ಉಪಯೋಗಿ. ಆದರೆ ಅಲ್ಲಿನ ಪಾಮಿರ್ ಪರ್ವತಗಳಂಥ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿಯೂ ರೆಕ್ಕೆಗಳ ಎತ್ತುವ ಬಲವೂ ಒಟ್ಟಿಗೇ ಕುಗ್ಗುವುದರಿಂದ, ಬಯಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಯೋಧರನ್ನು ಹೊರುವ ಎಂಐ-8 ಅಲ್ಲಿ ಅಷ್ಟು ಜನರನ್ನು ಹೊತ್ತು ಮೇಲೇಳಲಾರದು.

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರನ್ನು ಇಂಥ ದೇಶಗಳಿಗೆ ಮಾರಬಹುದಲ್ಲ ಎಂದು ಇಲ್ಲಿ ಕೆಲವರು ಉತ್ಸಾಹದಿಂದ ಹೇಳುವುದುಂಟು. ಸಿಯಾಚಿನ್‌ನ ಎತ್ತರದಲ್ಲಿ ಅದನ್ನು ಪರೀಕ್ಷಿಸಿರುವುದರಿಂದ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಒಂದೇ ಎಂಜಿನ್ನಿನ, ಮೂರು ಟನ್ ದರ್ಜೆಯ ಲಘು ಹೆಲಿಕಾಪ್ಟರ್; ಗಸ್ತಿಗೆ, ಗಾಯಾಳುಗಳನ್ನು ಸಾಗಿಸಲು ಒದಗೀತೇ ಹೊರತು ಹನ್ನೆರಡು ಟನ್‌ಗೂ ಮೀರಿದ ಎಂಐ-8ರ ಜಾಗ ತುಂಬಲಾರದು. ಈ ವಿಷಯವಾಗಿ ಮತ್ತೆ ಬರೆಯುವಾಗ ಐನಿ, ಫರ್ಖೋರ್ ಎರಡನ್ನೂ ಗುರುತಿಸಿದ ನಕ್ಷೆಯೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಗುಬ್ಬಿ, ತುಮಕೂರು ಜಿಲ್ಲೆ