ಹಳೆ ಆಯಿಲ್ ಎಲ್ಲಿ ಹಾಕಬೇಕು, ಹೇಳಿ: ವಾರ್ಡ್ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ನಾಲ್ಕು ಜನ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ. ನಮ್ಮ ಬೀದಿಯ ಮಳೆನೀರು ಚರಂಡಿ ನೇರವಾಗಿ ಕೆರೆಗೆ ಸೇರುತ್ತದೆ, ಮಧ್ಯದಲ್ಲಿ ಎಲ್ಲಿಯೂ ನೀರು ಶುದ್ಧವಾಗುವುದಿಲ್ಲ. ಇದು ನಿಮಗೂ ಗೊತ್ತು, ಅದಕ್ಕೆ ಏನೇನು ಸುರಿಯಬಾರದು ಎಂಬ ನಿಯಮವೂ ಗೊತ್ತು.

ಮಳೆಗಾಲಕ್ಕೆ ಮುಂಚೆ ನಮ್ಮ ಮನೆ ಎದುರೇ ಒಬ್ಬರು ಕಾರಿನ ಎಂಜಿನ್ ಆಯಿಲ್ ಬದಲಿಸಿ, ಹಳೆಯದನ್ನು ಬಕೆಟ್ಟಿನಲ್ಲಿ ತಂದು ಚರಂಡಿಗೆ ಸುರಿದರು. ಕಪ್ಪನೆಯ ಜಿಡ್ಡು ಜಾಲರಿಯ ಸರಳುಗಳಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಬೇಡ ಎಂದೆ. "ಮತ್ತೆಲ್ಲಿ ಹಾಕ್ಲಿ, ನೀವೇ ಹೇಳಿ" ಎಂದರು. ಏನು ಹೇಳಲಿ? ಅಂಥ ಜಾಗವೇ ನಮ್ಮ ವಾರ್ಡಿನಲ್ಲಿಲ್ಲ. ಕಚೇರಿಗೆ ಹೋಗಿ ದೂರು ಕೊಟ್ಟರೆ, "ಒಂದ್ ಮಳೆ ಬಂದ್ರೆ ತೊಳ್ಕೊಂಡ್ ಹೋಗತ್ತೆ ಬಿಡಿ" ಎಂಬ ಉತ್ತರ.

ತೊಳೆದುಕೊಂಡು ಎಲ್ಲಿಗೆ ಹೋಗುತ್ತದೆ ಸ್ವಾಮಿ? ಒಂದು ಲೀಟರ್ ಹಳೆ ಆಯಿಲ್ ಸುಮಾರು 10 ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು. ಅದೇ ಆಯಿಲನ್ನು ಸಂಗ್ರಹಿಸಿ ಕೊಟ್ಟರೆ ಸಂಸ್ಕರಿಸಿ ಮತ್ತೆ ಬಳಸಲು ಬರುತ್ತದೆ. ನಮಗೊಂದು ಸಂಗ್ರಹ ಕೇಂದ್ರ ಕೊಡಿ.

ಆಯಿಲ್ ಒಂದೇ ಅಲ್ಲ. ಬಣ್ಣದ ಬ್ರಷ್ ತೊಳೆದ ನೀರು, ರಸ್ತೆಯಲ್ಲೇ ಕಾರು ತೊಳೆದ ಸೋಪಿನ ನೊರೆ, ನಾಯಿಯ ಹೇಲು, ಎಲ್ಲವೂ ಅದೇ ಚರಂಡಿಗೆ. ಮಳೆ ಬರುವ ಹಿಂದಿನ ದಿನ ತೋಟಕ್ಕೆ ಎರಚಿದ ಗೊಬ್ಬರ ಗಿಡಕ್ಕೆ ದಕ್ಕುವುದಿಲ್ಲ, ಕೆರೆಗೆ ಹೋಗಿ ಪಾಚಿ ಬೆಳೆಸುತ್ತದೆ. ಆ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಸತ್ತ ಮೀನು ತೇಲಿದಾಗ ಬಂದು ಫೋಟೊ ತೆಗೆಸಿಕೊಳ್ಳುವವರು ಚರಂಡಿಯ ಬಾಯಿಗೆ ಒಮ್ಮೆಯಾದರೂ ಬಂದು ನೋಡಿದ್ದೀರಾ?

ನಮ್ಮ ಪಾಲಿನದನ್ನು ನಾವು ಮಾಡುತ್ತೇವೆ. ಕಾರನ್ನು ನೀರು ಇಂಗುವ ಮಣ್ಣಿನ ಮೇಲೆ ನಿಲ್ಲಿಸಿ ತೊಳೆಯುತ್ತೇವೆ, ಉದುರಿದ ಎಲೆಯನ್ನು ಚರಂಡಿಗೆ ತಳ್ಳದೆ ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಆದರೆ ಹಳೆ ಆಯಿಲ್, ಉಳಿದ ಬಣ್ಣ, ಅವಧಿ ಮೀರಿದ ಮಾತ್ರೆಗಳನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುವುದು? ಮಾತ್ರೆಯನ್ನು ಶೌಚಾಲಯಕ್ಕೆ ಹಾಕಿದರೆ ಶುದ್ಧೀಕರಣ ಘಟಕವೂ ಎಷ್ಟೋ ಔಷಧಿಗಳನ್ನು ಪೂರ್ತಿ ತೆಗೆಯಲಾರದು.

ವಾರ್ಡಿಗೊಂದು ಸಂಗ್ರಹ ಕೇಂದ್ರ ಕೊಡಿ. ಪ್ರತಿ ಚರಂಡಿಯ ಬಾಯಲ್ಲಿ "ಈ ನೀರು ಕೆರೆಗೆ ಹೋಗುತ್ತದೆ" ಎಂದು ಬರೆಸಿ. ಮತ್ತೆ ಕೇಳುತ್ತೇನೆ, ಸಂಗ್ರಹ ಕೇಂದ್ರ ಕೊಡಿ. ಯಾವ ದಿನ, ಯಾವ ಜಾಗದಲ್ಲಿ ಎಂಬುದನ್ನು ಮುಂದಿನ ಮಳೆಗಾಲದೊಳಗೆ ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ನಿಮ್ಮ ವಾರ್ಡಿನ ಮತದಾರ