ಅಪ್ಪ ಬಗ್ಗದೆ ನೋಡಿಕೊಳ್ಳಬಹುದಾದ ತೋಟ

ರೆಡಿಂಗ್, ಇಂಗ್ಲೆಂಡ್
ಮೇ 4

ಅಮ್ಮನಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ, ಪುಟ್ಟಿ ಕಳಿಸಿದ ಫೋಟೋ, ತೋಟದ ಕಂಟ್ರಾಕ್ಟರು ಬರೆದುಕೊಟ್ಟ ಪ್ಲಾನು ಮೂರೂ ಸಿಕ್ಕವು.

ಮಂಡಿ ಆಪರೇಷನ್ ಆಗಿ ಎರಡು ತಿಂಗಳು ತುಂಬುವ ಮುಂಚೆಯೇ ಅಪ್ಪ ಗರಿಕೆ ಕೀಳಲು ಅಂಗಳಕ್ಕೆ ಇಳಿದರು, ಏಳಲಾಗದೆ ಪದ್ದಕ್ಕ ಬಂದು ಎಬ್ಬಿಸಬೇಕಾಯಿತು ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಬೇರೆ ಏನೂ ತಲೆಗೆ ಹತ್ತಲಿಲ್ಲ. ಡಾಕ್ಟರು ಕುಕ್ಕರಗಾಲಲ್ಲಿ ಕೂರಬಾರದು, ನೆಲದ ಮೇಲೆ ಕೂರಬಾರದು, ಜಾರುವ ಕಡೆ ಓಡಾಡಬಾರದು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಂತ ತೋಟವೇ ಬೇಡ ಅಂದರೆ ಅಪ್ಪ ಕೂತಲ್ಲೇ ಕೊರಗುತ್ತಾರೆ, ಅದೂ ನನಗೆ ಗೊತ್ತು. ಆದ್ದರಿಂದ ಅವರು ನಿಂತುಕೊಂಡೋ ಕುರ್ಚಿಯಲ್ಲಿ ಕೂತೋ ನೋಡಿಕೊಳ್ಳುವಂಥ ತೋಟವೇ ಆಗಬೇಕು. ಗಿಡ ಆರಿಸುವಾಗ ಬಿಸಿಲು, ಮಳೆ, ಮನೆಯ ಚೆಂದ ಎಲ್ಲವನ್ನೂ ನೋಡೋಣ. ಆದರೆ ಮೊದಲು ನೋಡಬೇಕಾದದ್ದು ಆ ಮಂಡಿಯನ್ನು.

ಕಂಟ್ರಾಕ್ಟರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡಿ. ಅವರ ಪ್ಲಾನಿನಲ್ಲಿ ಮುಂದಿನ 480 ಚದರಡಿ ಪೂರ್ತಿ ಕೊರಿಯನ್ ಹುಲ್ಲು ಇದೆ. ಬೇಸಿಗೆಯಲ್ಲಿ ಹುಲ್ಲಿಗೆ ಚದರ ಮೀಟರಿಗೆ ದಿನಕ್ಕೆ 4-5 ಲೀಟರು ನೀರು ಬೇಕು. ಅಂದರೆ ನಮ್ಮ ಅಂಗಳಕ್ಕೆ ದಿನಕ್ಕೆ ಸುಮಾರು 200 ಲೀಟರು. ನೀರಿಗಿಂತ ದೊಡ್ಡ ತೊಂದರೆ ಕಳೆಯದು. ಆ ಹುಲ್ಲು ನಿಧಾನವಾಗಿ ಹಬ್ಬುತ್ತದೆ, ಅಷ್ಟರಲ್ಲಿ ತುಂಗೆಗಡ್ಡೆಯೂ ಗರಿಕೆಯೂ ನಡುವೆ ನುಗ್ಗುತ್ತವೆ. ಅವನ್ನು ಕೂತೇ ಕೀಳಬೇಕು. ಕೀಳುವವರು ಯಾರು? ಅಪ್ಪ. ಅಂಚಿಗೆ ಹಾಕುವ ಬಿಳಿ ಉರುಟುಕಲ್ಲು ಕಾಲಡಿ ಉರುಳುತ್ತದೆ, ಅದರ ಸಂದಿಗೆ ಬಿದ್ದ ಎಲೆಯನ್ನು ಪೊರಕೆಯಲ್ಲಿ ಗುಡಿಸಲು ಬರುವುದಿಲ್ಲ, ಬಗ್ಗಿ ಆರಿಸಬೇಕು. ಕಾಂಪೌಂಡಿನ ಪಕ್ಕ ಫೈಕಸ್ ಸಾಲು ಬೇಡವೇ ಬೇಡ, ಸಂಪು ಅಲ್ಲೇ ಇದೆ, ಬೇರು ನೀರು ಹುಡುಕಿಕೊಂಡು ಅದರ ಬಿರುಕಿಗೆ ಹೋಗುತ್ತದೆ. ಪಡುವಣದಲ್ಲಿ ಅರೆಕಾ ಪಾಮ್ ಇಟ್ಟರೆ ಮಾರ್ಚ್ ಬಿಸಿಲಿಗೆ ಎಲೆಯ ತುದಿಯೆಲ್ಲ ಸುಟ್ಟು ಕಂದಾಗುತ್ತದೆ.

ಹೆಂಚಿನ ಮನೆ, ಕೆಂಪು ಗಾರೆಯ ಜಗಲಿ, ತುಳಸಿಕಟ್ಟೆ ಇರುವ ಅಂಗಳಕ್ಕೆ ಹೋಟೆಲಿನ ಮುಂದಿನ ಹುಲ್ಲುಹಾಸು ಒಪ್ಪುವುದೂ ಇಲ್ಲ. ಮಲ್ಲಿಗೆ, ಕನಕಾಂಬರ, ಸ್ಫಟಿಕ, ನಂದಿಬಟ್ಟಲು, ಪಾರಿಜಾತ, ದಾಸವಾಳ ಇಷ್ಟಿದ್ದರೆ ಮನೆಗೂ ಒಪ್ಪುತ್ತದೆ, ನಿನ್ನ ಪೂಜೆಗೂ ಆಗುತ್ತದೆ, ಮೈಸೂರಿನ ಹವೆಗೂ ಒಗ್ಗಿದ ಗಿಡಗಳು.

ಗಿಡ ತರುವ ಮುಂಚೆ ಒಂದು ಕೆಲಸ ಮಾಡಿಸು. ಪುಟ್ಟಿ ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಮನೆಯ ನಾಲ್ಕೂ ಕಡೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಒಂದು ಹಾಳೆಯಲ್ಲಿ ಗುರುತು ಮಾಡಲಿ. ಆದರೆ ಈಗಿನ ಗುರುತು ವರ್ಷಪೂರ್ತಿಗೆ ಸರಿಯಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಮೈಸೂರಿನ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಈಗ ಬಡಗಣ ಓಣಿಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ಬೀಳುತ್ತದೆ, ಡಿಸೆಂಬರಿನಲ್ಲಿ ಅದೇ ಓಣಿ ಪೂರ್ತಿ ನೆರಳು. ತೆಂಕಣ ಓಣಿಯದು ಇದಕ್ಕೆ ತಿರುಗುಮುರುಗು. ನೆರಳಿದೆ ಅಂತ ಜನವರಿಯಲ್ಲಿ ಬಡಗಣಕ್ಕಿಟ್ಟ ಆಂಥೂರಿಯಂ ಮೇ ತಿಂಗಳಲ್ಲಿ ಬೆಂದುಹೋಗುವುದು ಇದರಿಂದಲೇ. ಇಂಗ್ಲೆಂಡಿನಲ್ಲಿ ಈ ಗೊಂದಲವಿಲ್ಲ, ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ.

ಹಾಗಾಗಿ ಬಡಗಣಕ್ಕೆ ಮೇ ಫ್ಲವರ್ ಗಡ್ಡೆ ಹಾಕಿಸು. ಮೊದಲ ಮಳೆಗೆ ಕೆಂಪು ಚೆಂಡಿನಂತೆ ಅರಳುತ್ತದೆ, ಬಿಸಿಲಿರುವಷ್ಟು ಕಾಲ ಎಲೆ ಬಿಟ್ಟುಕೊಂಡಿದ್ದು ಚಳಿಗಾಲದ ನೆರಳಿನಲ್ಲಿ ಮಣ್ಣೊಳಗೆ ಮಲಗುತ್ತದೆ. ಪಕ್ಕದಲ್ಲಿ ದೊಡ್ಡಪತ್ರೆ, ನಲ್ಲಿಯ ಹತ್ತಿರ ಒಂದೆಲಗ. ಅಪ್ಪನಿಗೆ ಗುಲಾಬಿ ಇರಲೇಬೇಕು ಅಂದರೆ ತೆಂಕಣ ಓಣಿಯಲ್ಲಿ ಎರಡೇ ಕುಂಡ, 12 ಇಂಚಿನವು, ಎರಡಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಹಸ್ತ ಮಳೆ ಮುಗಿದ ಮೇಲೆ, ಅಕ್ಟೋಬರ್ ನಡುವಿನಲ್ಲಿ ಸವರಿದರೆ 45-50 ದಿನಕ್ಕೆ ಹೂ ಬರುತ್ತದೆ, ಬಿಸಿಲೂ ಆಗ ಆ ಕಡೆಗೇ ಹೊರಳಿರುತ್ತದೆ. ಕಸಿ ಕಟ್ಟಿದ ಗಂಟಿನ ಕೆಳಗೆ ಚಿಗುರೊಡೆದರೆ ಅದು ಕಾಡುಗುಲಾಬಿ, ಬುಡದಿಂದಲೇ ಕಿತ್ತುಹಾಕಬೇಕು, ಇಲ್ಲದಿದ್ದರೆ ಮೇಲಿನ ಕಸಿ ಸೊರಗುತ್ತದೆ. ಸೇವಂತಿಗೆಯನ್ನೂ ಇದೇ ಓಣಿಗೆ ಹಾಕಿಸು, ಗೇಟಿನ ಹತ್ತಿರ ಮಾತ್ರ ಬೇಡ. ಉದ್ದನೆಯ ಕತ್ತಲು ಸಿಕ್ಕಿದರೆ ಮಾತ್ರ ಅದು ಮೊಗ್ಗು ಕಟ್ಟುವುದು. ಬೀದಿದೀಪದ ಬೆಳಕು ರಾತ್ರಿಯಿಡೀ ಬಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಬರೀ ಎಲೆ.

ಈಗ ಮುಖ್ಯವಾದದ್ದು, ಮುಂದಿನ ಅಂಗಳ. ಅಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಳ್ಳೆಯ ಬಿಸಿಲು. ಕಾಂಪೌಂಡಿನ ಉದ್ದಕ್ಕೆ 10 ಅಡಿಯ ಎರಡು ಇಟ್ಟಿಗೆ ಕಟ್ಟೆ ಕಟ್ಟಿಸಿ, ಎತ್ತರ 2 ಅಡಿ, ಒಳ ಅಗಲವೂ 2 ಅಡಿ. ಒಂದೇ ಕಡೆಯಿಂದ ಕೈ ಚಾಚುವುದರಿಂದ ಅಗಲ ಇದಕ್ಕಿಂತ ಹೆಚ್ಚಾದರೆ ಹಿಂದಿನ ಗಿಡ ಎಟುಕುವುದಿಲ್ಲ, ಅಪ್ಪ ಕಟ್ಟೆ ಹತ್ತಲು ನೋಡುತ್ತಾರೆ. ಮುಂದಿನ ಗೋಡೆ 9 ಇಂಚು ದಪ್ಪವಿರಲಿ, ಅವರು ಅದರ ಮೇಲೆಯೇ ಕೂರಬಹುದು. ತಳಕ್ಕೆ ಕಾಂಕ್ರೀಟು ಹಾಕಬೇಡಿ, ಬೇರು ನೆಲಕ್ಕಿಳಿಯಲಿ. ಬುಡದಲ್ಲಿ 3 ಅಡಿಗೊಂದು ನೀರು ಬಸಿಯುವ ತೂತು, ಅದರ ಬಾಯಿಗೆ ಒಳಗಿನಿಂದ ಜಾಲರಿ ಮತ್ತು ಜಲ್ಲಿ. ಮನೆಯ ಗೋಡೆಗೆ ತಾಗಿಸಿ ಕಟ್ಟೆ ಕಟ್ಟಿದರೆ ತೇವ ಒಳಗೆ ಹೋಗಿ ಸುಣ್ಣ ಉದುರುತ್ತದೆ, ಮೇಸ್ತ್ರಿ ಏನೇ ಹೇಳಿದರೂ ಒಪ್ಪಬೇಡ. ತುಂಬಲು ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಹಸಿ ಸಗಣಿ ಬೆರೆಸಿದರೆ ಗೆದ್ದಲು ಬರುತ್ತದೆ, ಕಾವಿಗೆ ಎಳೆ ಬೇರು ಸುಡುತ್ತದೆ. ಮೊದಲ ಮಳೆಗಾಲದಲ್ಲಿ ಮಣ್ಣು ಕುಸಿಯುವುದು ಸಹಜ, ಮೇಲೆ ಹಾಕಲು ಎರಡು ಮೂಟೆ ಇಟ್ಟುಕೊಂಡಿರಿ.

ಒಂದು ಕಟ್ಟೆಗೆ ಮಲ್ಲಿಗೆ ಮೂರು, ನಡುವೆ ನಾಲ್ಕಡಿ ಅಂತರ. ನೆಲದಲ್ಲಿ ಹಾಕಿದರೆ ಮೊಗ್ಗು ಬಿಡಿಸಲು ಬಗ್ಗಬೇಕು, ಕಟ್ಟೆಯಲ್ಲಿದ್ದರೆ ಎದೆಯೆತ್ತರಕ್ಕೇ ಬರುತ್ತದೆ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಬುಡದಿಂದ ಒಂದೂವರೆ ಅಡಿ ಬಿಟ್ಟು ಪೂರ್ತಿ ಸವರಿಸಬೇಕು. ಕರುಳು ಚುರುಕ್ ಅನ್ನಿಸುತ್ತದೆ, ಆದರೂ ಸವರಿಸಬೇಕು, ಯಾಕೆಂದರೆ ಹೊಸ ಚಿಗುರಿನಲ್ಲೇ ಮೊಗ್ಗು. ಹಾಗೆ ಮಾಡಿದರೆ ಮಾರ್ಚಿನಿಂದ ಜೂನ್‌ವರೆಗೆ ಹೂವಿಗೆ ಬರವಿಲ್ಲ. ಇನ್ನೊಂದು ಕಟ್ಟೆಗೆ ಹಿಂದೆ ಸ್ಫಟಿಕ, ಮುಂದೆ ಕನಕಾಂಬರ. ಸ್ಫಟಿಕ ಅಕ್ಟೋಬರಿನಿಂದ ಜನವರಿವರೆಗೆ, ಮಲ್ಲಿಗೆ ಇಲ್ಲದ ಕಾಲವನ್ನು ತುಂಬುತ್ತದೆ. ಕನಕಾಂಬರ ಜೋರು ಮಳೆಯಲ್ಲಿ ಬಿಟ್ಟರೆ ಉಳಿದಂತೆ ಬಿಡುತ್ತಲೇ ಇರುತ್ತದೆ. ಮಧ್ಯೆ ಉಳಿದ ಜಾಗಕ್ಕೆ ಮೃಗಶಿರದಲ್ಲಿ ಕರ್ಣಕುಂಡಲದ ಬೀಜ ಉದುರಿಸು, ಗೌರಿ ಹಬ್ಬದ ಹೊತ್ತಿಗೆ ಹೂವಾಗುತ್ತದೆ. ದಸರೆಗೆ ಚೆಂಡುಹೂ ಬೇಕಿದ್ದರೆ ಹಬ್ಬಕ್ಕೆ 75 ದಿನ ಮುಂಚೆ ಬೀಜ ಹಾಕಿ, 25 ದಿನದ ಸಸಿ ಕಿತ್ತು ನೆಡಬೇಕು.

ಪಾರಿಜಾತಕ್ಕೆ ಈಶಾನ್ಯದ ಮೂಲೆ ಸರಿ, ಆದರೆ ಓಡಾಡುವ ದಾರಿಗೆ ಕೊಂಬೆ ಚಾಚಬಾರದು. ಬೆಳಗ್ಗೆ ಉದುರಿದ ಹೂ ಇಬ್ಬನಿಗೆ ನೆಂದು ಜಾರುತ್ತದೆ. ಹೂ ಬಿಡುವ ಕಾಲದಲ್ಲಿ, ಅಂದರೆ ಆಗಸ್ಟಿನಿಂದ, ಹಳೆಯ ಸೊಳ್ಳೆಪರದೆಯನ್ನು ನಾಲ್ಕು ಗೂಟಕ್ಕೆ ಸೊಂಟದೆತ್ತರಕ್ಕೆ ಕಟ್ಟಿಸು. ಹೂ ಅದರಲ್ಲೇ ಬೀಳುತ್ತದೆ, ಅಪ್ಪ ನಿಂತೇ ಆರಿಸಿಕೊಳ್ಳಬಹುದು. ಹಿತ್ತಲಿನ ಪಡುವಣ ಬಿಸಿಲನ್ನು ಒಂದು ಸುತ್ತಿನ ಕೆಂಪು ದಾಸವಾಳ, ಕರಿಬೇವು ಎರಡೂ ತಡೆಯುತ್ತವೆ. ಎರಡನ್ನೂ ಐದಡಿಗಿಂತ ಮೇಲಕ್ಕೆ ಬಿಡಬೇಡಿ, ಅಪ್ಪ ಸ್ಟೂಲು ಹತ್ತುವುದು ಬೇಡ. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಬಂದರೆ ಒಂದು ಲೀಟರು ನೀರಿಗೆ ಮೊದಲು ಸೋಪಿನ ದ್ರಾವಣ ಸ್ವಲ್ಪ, ಆಮೇಲೆ 5 ಎಂಎಲ್ ಬೇವಿನೆಣ್ಣೆ, ಕದಡಿ ಸಂಜೆ ಹೊತ್ತು ಎಲೆಯ ತಳಕ್ಕೆ ಹೊಡೆಸು. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕಣಗಿಲೆ ತರಬೇಡಿ, ಚಿನ್ನು ಎಲ್ಲವನ್ನೂ ಬಾಯಿಗಿಡುವ ವಯಸ್ಸು, ಅದರ ಎಲೆ ಹೂ ಎಲ್ಲ ವಿಷ.

ನೀರಿನ ಬಿಂದಿಗೆ, ಪೈಪು ಎಳೆದಾಡುವುದು ಎರಡೂ ಇನ್ನು ನಿಲ್ಲಬೇಕು. ಹನಿ ನೀರಾವರಿ ಹಾಕಿಸಿ: 16 ಎಂಎಂ ಪೈಪು, ಗಂಟೆಗೆ 4 ಲೀಟರಿನ ಡ್ರಿಪ್ಪರು, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಗಂಟೆ ಸಾಕು. ನಮ್ಮದು ಬೋರ್ ನೀರು, ಫಿಲ್ಟರ್ ಇಲ್ಲದಿದ್ದರೆ ಮರಳು, ಕಸ ಸಿಕ್ಕಿ ಡ್ರಿಪ್ಪರು ಮುಚ್ಚುತ್ತದೆ. ತಿಂಗಳಿಗೊಮ್ಮೆ ಸುಬ್ಬಣ್ಣ ಪೈಪಿನ ತುದಿ ಬಿಚ್ಚಿ ನೀರು ಹಾಯಿಸಲಿ. ಟೈಮರ್ ತರುವಾಗ ಬಾಲ್ ವಾಲ್ವಿನದು ಅಂತ ಕೇಳಿ ತನ್ನಿ. ಸೊಲೆನಾಯ್ಡ್‌ನದಕ್ಕೆ, ಅಂದರೆ ಕರೆಂಟಿನ ಅಯಸ್ಕಾಂತದಿಂದ ತೆರೆಯುವ ವಾಲ್ವಿಗೆ, ಚಾವಣಿ ಟ್ಯಾಂಕಿನ ಒತ್ತಡ ಸಾಲುವುದಿಲ್ಲ. ದಾರಿ ಮೂರಡಿ ಅಗಲ, ಒರಟು ಮೈಯ ಸಾದರಹಳ್ಳಿ ಕಲ್ಲು. ಟೈಲ್ಸ್ ಮೇಲೆ ಪಾಚಿ ಕಟ್ಟಿದರೆ ಆ ಮಂಡಿಯ ಗತಿ ಏನು, ನೀನೇ ಯೋಚಿಸು.

ಇಲ್ಲಿಯ ಸಮಾಚಾರ ಕೇಳಿದ್ದೀಯಲ್ಲ. ಇಂಗ್ಲೆಂಡ್ ಅಂದರೆ ಸದಾ ಮಳೆ ಅಂತ ಪದ್ದಕ್ಕ ಹೇಳುತ್ತಿರುತ್ತಾರೆ, ಆದರೆ ಲಂಡನ್ನಿನ ವರ್ಷದ ಮಳೆ ಮೈಸೂರಿನದಕ್ಕಿಂತ ಕಡಿಮೆ, ಸುಮಾರು 600 ಮಿಲಿಮೀಟರು. ಆಗಾಗ ಸಣ್ಣಗೆ ಹನಿಯುತ್ತದೆ, ಅಷ್ಟೇ. ನಿನ್ನ ಬಚ್ಚಲ ಮೋರಿಯ ಪಕ್ಕ ತಾನಾಗಿ ಬೆಳೆಯುವ ಕಾಬಾಳೆಯ ಗಡ್ಡೆಯನ್ನು ಇಲ್ಲಿ ಚಳಿಗೆ ಮುಂಚೆ ಅಗೆದು ಶೆಡ್ಡಿನಲ್ಲಿ ಬೆಚ್ಚಗಿಟ್ಟು ಮತ್ತೆ ನೆಡುತ್ತಾರೆ. ಮೇ ನಡುವಿನವರೆಗೂ ರಾತ್ರಿ ಹಿಮ ಬೀಳುವ ಭಯ. ಆದರೆ ಇವರಿಂದ ಕಲಿಯುವುದೂ ಇದೆ. ಎಸೆಕ್ಸ್‌ನಲ್ಲಿ ಬೆತ್ ಚಾಟೊ ಎಂಬಾಕೆ 1990ರ ದಶಕದ ಆರಂಭದಲ್ಲಿ ಕಾರು ನಿಲ್ಲಿಸುವ ಜಾಗವನ್ನೇ ಜಲ್ಲಿಕಲ್ಲಿನ ತೋಟ ಮಾಡಿ, ಮೇಲಿನಿಂದ ನೀರು ಹಾಕದೆ ಬೆಳೆಸಿದರು, ಆ ಒಣ ಜಾಗಕ್ಕೆ ಒಗ್ಗುವ ಗಿಡವನ್ನೇ ಆರಿಸಿದ್ದರಿಂದ. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಯೋಚಿಸಿದ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರ ಕೃಂಬಿಗಲ್ ಕೂಡ ಇಲ್ಲಿ ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ದುಡಿದು ಬಂದವರೇ. ಅಪ್ಪನಿಗೆ ಇದನ್ನು ಓದಿ ಹೇಳು, ಅವರಿಗೆ ಖುಷಿಯಾಗುತ್ತದೆ.

ಈಗ ಮೇ ತಿಂಗಳಲ್ಲಿ ಒಂದು ಗಿಡವನ್ನೂ ನೆಡಬೇಡಿ. ಪಾರಿಜಾತ, ದಾಸವಾಳ, ಕರಿಬೇವಿಗೆ ಒಂದೂವರೆ ಅಡಿ ಗುಂಡಿ ತೋಡಿಸಿ ಬಿಸಿಲಿಗೆ ಬಿಡಿ, ಕಟ್ಟೆ ಕೆಲಸ ಮುಗಿಯಲಿ, ಜೂನಿನಲ್ಲಿ ಮೃಗಶಿರ ಹಿಡಿದ ಮೇಲೆ ಸುಬ್ಬಣ್ಣ ನೆಡಲಿ. ಅಷ್ಟರಲ್ಲಿ ಅಪ್ಪನ ಮಂಡಿಯೂ ಗಟ್ಟಿಯಾಗುತ್ತದೆ. ಖಂಡಿತ ಆಗುತ್ತದೆ, ನೀನು ಹೆದರಬೇಡ, ಫಿಜಿಯೋ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ನನಗಂತೂ ಏನೂ ಚಿಂತೆಯಿಲ್ಲ, ಊಟ ನಿದ್ದೆ ಎಲ್ಲ ಸರಿಯಾಗಿದೆ, ಕೆಮ್ಮು ಹೋಗಿಯೇ ಬಿಟ್ಟಿತು. ದುಡ್ಡಿನ ಯೋಚನೆಯೂ ಬೇಡ, ಕಟ್ಟೆ ಮತ್ತು ಡ್ರಿಪ್ಪಿನ ಖರ್ಚು ಈ ವಾರವೇ ಪುಟ್ಟಿಯ ಖಾತೆಗೆ ಹಾಕುತ್ತೇನೆ.

ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಅಪ್ಪನಿಗೆ ನಮಸ್ಕಾರ, ಚಿನ್ನುವಿಗೆ ಮುತ್ತು. ಮುಂದಿನ ಚೆಕಪ್ಪಿನಲ್ಲಿ ಡಾಕ್ಟರು ಏನಂದರು ಅಂತ ಅವತ್ತೇ ಫೋನು ಮಾಡಿಸು.

ಇಂತಿ,
ರಘು