ಮಿರಜ ಠೇಸನ್ನಿನ ಕಂಬ

ಹುಬ್ಬಳ್ಳಿ
ಶುಕ್ರವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ನೀ ಫೋನಿನ್ಯಾಗ ಕಳಿಸಿದ ಉದ್ದನ್ನ ಪತ್ರ ಮೊಮ್ಮಗನ ಕಡೆ ಅಕ್ಷರ ದೊಡ್ಡವು ಮಾಡಿಸಿಕೊಂಡು ಓದಿದೆ. ಇಟಲಿ ಪ್ರವಾಸದಾಗ ಎರಡು ಹಡಗ, ನಡುವ ರೈಲು, ಅವ್ವಗ ಸಮುದ್ರ ತೋರಸಬೇಕನ್ನೂ ನಿನ್ನ ಹಟ, ಇವನ್ನೆಲ್ಲಾ ಮನ್ಯಾಗ ಎಲ್ಲಾರೂ ಮಾತಾಡಿ ಮುಗಸ್ಯಾರ, ನಾ ಮತ್ತ ಎಳಿಯೂದಿಲ್ಲ. ರೊಕ್ಕ ಎಷ್ಟಾತು ಅಂತನೂ ಕೇಳೂದಿಲ್ಲ. ಆದರ ಕಡೀಕ, ಬರದು ಮುಗಸೂ ಹೊತ್ತಿನ್ಯಾಗ, ಮೂರು ಸಾಲು ಬರದೀಯಲ್ಲ, ಅವು ಮೂರು ದಿನದಿಂದ ನನ್ನ ನಿದ್ದಿ ಕೆಡಿಸ್ಯಾವ.

"ಮಾಮಾ, ನನಗ ಭಯ ಇರೂದು ಒಂದಕ್ಕ. ನಾಕು ಬ್ಯಾಗು, ಅವ್ವನ ಮೊಣಕಾಲು. ಬ್ಯಾಗು ಹತ್ತಿಸಿ ಅವ್ವನ್ನ ಹತ್ತಸೂದರೊಳಗ ಬಾಗಿಲಾ ಮುಚ್ಚಿಬಿಟ್ಟರ? ಅವ್ವನ್ನ ಕೇಳಿದರ 'ನೀ ಸಾಮಾನು ನೋಡ್ಕೋ, ನಾ ಇಲ್ಲೇ ನಿಂತಿರತೇನಿ, ಅಲುಗಾಡೂದಿಲ್ಲ' ಅಂತ ನಗತಾಳ."

ಆಕಿ ನಕ್ಕಿದ್ದು ನಿನಗ ಚಾಷ್ಟಿ ಅನಿಸಿರಬೇಕು. ನನಗ ಹಂಗ ಅನಸಲಿಲ್ಲ.

ಉಪಯೋಗಕ್ಕ ಬರೂ ನಾಕು ಮಾತು ಮೊದಲ ಬರದುಬಿಡತೇನಿ, ಆಮ್ಯಾಲ ಕೈ ಎತ್ತಾಗ ಹೋಗತೈತೋ ಹೇಳಾಕ ಬರೂದಿಲ್ಲ. ಹಡಗದ ಗಂಧ ನನಗ ಇಲ್ಲ. ಜೀವಮಾನದಾಗ ನೋಡಿದ್ದು ಮಾರ್ಮಗೋವಾ ಬಂದರದಾಗ ಅದಿರು ತುಂಬಿಸಿಕೊಳ್ಳೂ ಹಡಗ, ಅದೂ ದೂರಿಂದ. ರೈಲು ಮಾತ್ರ ಅಲ್ಪಸ್ವಲ್ಪ ಗೊತ್ತು. ಪಾರ್ಸಲ್ ಆಫೀಸಿನ್ಯಾಗ ಕುಂತು ಮಂದಿ ಸಾಮಾನಿಗೆ ಚೀಟಿ ಕಟ್ಟಿಕೋತ ವಯಸ್ಸು ಕಳದಾಂವ ನಾ. ಹಂಗಾಗಿ ಮೊಮ್ಮಗನ್ನ ಬಾಜೂಕ ಕುಂದರಿಸಿಕೊಂಡು ನಿಮ್ಮ ದಾರಿ ಎಲ್ಲಾ ನಕಾಶೆ ಮ್ಯಾಲ ಬಟ್ಟು ಇಟ್ಟು ನೋಡಿದೆ.

ಮೊದಲನೇ ಹಡಗ ನಿಮ್ಮನ್ನ ಇಳಸೂದು ಚಿವಿತವೆಕ್ಕಿಯಾದಾಗ. ಎಲ್ಲಾರೂ ಅದಕ್ಕ ರೋಮ್ ಬಂದರ ಅಂತಾರ, ಆದರ ರೋಮ್ ಅಲ್ಲಿಂದ ಹೆಚ್ಚು ಕಡಿಮಿ ಹುಬ್ಬಳ್ಳಿಯಿಂದ ಹಾವೇರಿ ಇದ್ದಷ್ಟು ದೂರ. ಬಂದರದ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಅನ್ನೂ ಜಾಗಾಕ್ಕ ತಂದು ಬಿಡತೈತಿ. ಠೇಸನ್ನು ಮತ್ತ ಅಲ್ಲಿಂದ ಕಿಲೋಮೀಟರಿನ ಮ್ಯಾಲ. ನಡಿಯೂ ಮಂದಿ ನಡೀತಾರ. ನೀವು ಟ್ಯಾಕ್ಸಿ ಮಾಡ್ರಿ. ರೊಕ್ಕ ಹೆಚ್ಚಾತು ಅನಸಿದರ ನನ್ನ ಲೆಕ್ಕಕ್ಕ ಬರಿ.

ಅಲ್ಲಿಂದ ರೋಮಿನ ದೊಡ್ಡ ಠೇಸನ್ ತೆರ್ಮಿನಿ, ತೆರ್ಮಿನಿಯಿಂದ ವೆನಿಸ್, ವೆನಿಸಿನಿಂದ ತ್ರಿಯೆಸ್ತೆ. ದೊಡ್ಡ ಹಡಗಗೋಳು ವೆನಿಸಿನ ನಡು ಊರಾಗ ಹಾಯೂದನ್ನ 2021ರ ಆಗಸ್ಟಿನಿಂದ ಬಂದ ಮಾಡ್ಯಾರ. ಅದಕ್ಕ ನಿಮ್ಮ ಎರಡನೇ ಹಡಗ ರೈಲಿನ್ಯಾಗ ಇನ್ನೂ ಎರಡು ತಾಸು ಆಚೆ, ತ್ರಿಯೆಸ್ತೆ ಬಂದರದಾಗ ಹೋಗಿ ನಿಂತೈತಿ. ಮೂರು ಸಲ ಹತ್ತೂದು, ಮೂರು ಸಲ ಇಳಿಯೂದು. ನಿನ್ನ ಭಯ ಆರು ಸಲ ಬರತೈತಿ ಅಂದಂಗಾತು. ರಾತ್ರಿ ಎದ್ದು ಲೆಕ್ಕ ಮಾಡೇನಿ.

ಪಾರ್ಸಲ್ ಆಫೀಸಿನ ಹಳೇ ಹಮಾಲರದೊಂದು ಮಾತಿತ್ತು: ಭಾರ ಇದ್ದಾಗ ಗಾಡಿ ಹುಟ್ಟೂ ಠೇಸನ್ನಿನ್ಯಾಗ ಹತ್ತು, ಸಾಯೂ ಠೇಸನ್ನಿನ್ಯಾಗ ಇಳಿ. ಚಿವಿತವೆಕ್ಕಿಯಾದಾಗನ ಹುಟ್ಟಿ ರೋಮಿಗೆ ಹೋಗೂ ಲೋಕಲ್ ಗಾಡಿ ಅದಾವ, ಎಫ್‌ಎಲ್ 5 ಅಂತಾರ. ಪೀಸಾ ಕಡೆಯಿಂದ ಬಂದು ಘಳಿಗಿ ಹೊತ್ತು ನಿಂತು ಹೋಗೂ ಗಾಡಿ ಲಗೂ ಮುಟ್ಟಸಬಹುದು, ಆದರೂ ಬ್ಯಾಡ. ತೆರ್ಮಿನಿಯೊಳಗ ಹಳಿ ಮುಗೀತಾವ, ಇಳಿಯೂದಕ್ಕ ಗಡಬಡಿ ಇಲ್ಲ. ವೆನಿಸಿಗೆ ಎರಡು ಠೇಸನ್. ಮೊದಲ ಬರೂದು ಮೆಸ್ತ್ರೆ, ದಂಡಿ ಮ್ಯಾಗಿಂದು. ತ್ರಿಯೆಸ್ತೆಗೆ ಹೋಗವರು ಅಲ್ಲೇ ಗಾಡಿ ಬದಲಸ್ತಾರ, ಹೊತ್ತು ಉಳೀತೈತಿ ಅಂತ. ನೀವು ಅಲ್ಲಿ ಏಳಬ್ಯಾಡ್ರಿ. ಇನ್ನೊಂದು ಹತ್ತು ಮಿನಿಟು ಕುಂತು ಎರಡನೇ ಠೇಸನ್ ಸಾಂತಾ ಲೂಚಿಯಾ ತನಕ ಹೋಗ್ರಿ, ಟಿಕೀಟೂ ಅಲ್ಲೀ ತನಕನ ತಗಸು. ನಡುವ ಬರೂದು ನೀರಿನ ಮ್ಯಾಲ 1846ರಾಗ ಸುರುವಾದ ರೈಲು ಸೇತುವಿ. ಕಿಡಿಕ್ಯಾಗ ಎರಡೂ ಕಡೆ ನೀರು, ಅವ್ವಗ ತೋರಿಸು. ಅದರಾಚೆ ಹಳಿ ಮುಗೀತಾವ. ತ್ರಿಯೆಸ್ತೆ ಗಾಡಿ ಅಲ್ಲೇ ಹುಟ್ಟತೈತಿ, ಹೋಗಿ ತ್ರಿಯೆಸ್ತೆದಾಗ ಸಾಯತೈತಿ. ಮುಂದ ಹೋಗಿ ಮತ್ತ ಹಿಂದ ಬರತೀರಲ್ಲ ಅಂತ ಮಂದಿ ನಕ್ಕರ ನಗಲಿ.

ಮಿರಜದಾಗೂ ಹಳಿ ಮುಗೀತಿದ್ದವು, ಪುಟ್ಟೀ. ನಮ್ಮ ಸಣ್ಣ ಹಳಿ. ಗದಗಿನಿಂದ ಹುಬ್ಬಳ್ಳಿ, ಲೋಂಡಾ, ಬೆಳಗಾವಿ ಹಾಯ್ದು ಮಿರಜ ಮುಟ್ಟಿದ ಮ್ಯಾಲ ಗಂಟು ಗದಡಿ ಎಲ್ಲಾ ಇಳಿಸಿ, ಪುಣೆಕ್ಕ ಹೋಗೂ ದೊಡ್ಡ ಹಳಿ ಗಾಡಿಗೆ ಹೊರಬೇಕಿತ್ತು. ಈಗಿನ ಹುಡುಗರಿಗೆ ಹೇಳಿದರ ನಂಬೂದಿಲ್ಲ.

ಪೇರಲಹಣ್ಣಿನ ಕಥಿ ನಿನಗ ಗೊತ್ತ. ಮದುವಿ, ಕುಬಸ, ಯಾವ ಕಾರ್ಯದಾಗೂ ಯಾರರೆ ಒಬ್ಬರು ಅದನ್ನ ತಗದು ನಿಮ್ಮವ್ವನ್ನ ಕಾಡಸ್ತಾರ. ಅದನ್ನ ಬರಿಯೂದಿಲ್ಲ. ಅದರಾಗ ಇಲ್ಲದ್ದು ಬರೀತೇನಿ.

ನಿಮ್ಮವ್ವ ಪೇರಲಹಣ್ಣು ನೋಡಾಕ ಹೋಗಿ ತಪ್ಪಿಸಿಕೊಂಡಿರಲಿಲ್ಲ.

1976. ಆಕಿಗೆ ಒಂಬತ್ತು, ನನಗ ಇಪ್ಪತ್ತೆರಡು. ನಮ್ಮ ಗಾಡಿ ತಡಾ ಮಾಡಿ ಬಂತು, ಪುಣೆ ಗಾಡಿ ಬಿಡೂ ಹೊತ್ತಾಗಿತ್ತು. ಫಲಾಟಿನ ಮ್ಯಾಲ ಒಂದು ಕಬ್ಬಿಣದ ಕಂಬ, ಅದರ ಹಂತ್ಯಾಕ ಆಕಿನ್ನ ನಿಂದರಿಸಿ ಹೇಳಿದೆ: "ಇಲ್ಲೇ ನಿಂದರು. ಅಲುಗಾಡಬ್ಯಾಡ. ಸಾಮಾನು ಇಟ್ಟು ಬರತೇನಿ." ಹಾಸಿಗಿ ಸುರಳಿ ಇಟ್ಟೆ, ಬುತ್ತಿ ಗಂಟು ಇಟ್ಟೆ, ಟ್ರಂಕು ಇಟ್ಟೆ. ಟ್ರಂಕಿನ್ಯಾಗ ನನ್ನ ಸರ್ಟಿಫಿಕೇಟು, ಪುಣೆದಾಗ ಇಂಟರ್‌ವ್ಯೂ ಇತ್ತು. ತಿರಗೂದರೊಳಗ ಗಾಡಿ ಹೊಂಟಿತು. ಬಾಗಿಲದಾಗ ಮಂದಿ, ಆದರ ಜಿಗೀಬಹುದಿತ್ತು. ಇದನ್ನ ಯಾರ ಮುಂದೂ ಹೇಳಿಲ್ಲ. ಗಾಡಿ ಇನ್ನೂ ನಡಿಯೂ ಮನಿಶ್ಯಾನಷ್ಟು ಸಾವಕಾಶ ಹೋಗತಿತ್ತು. ನನ್ನ ಕೈ ಟ್ರಂಕಿನ ಹಿಡಿಕಿ ಮ್ಯಾಲ ಇತ್ತು. ಬಿಡಲಿಲ್ಲ.

ಆಕಿ ಓಡಿ ಬರಲಿಲ್ಲ. ಅಳಲೂ ಇಲ್ಲ. ಅಲುಗಾಡಬ್ಯಾಡ ಅಂದಿದ್ದೆನಲ್ಲ, ಕಂಬ ಹಿಡಕೊಂಡು ನಿಂತು ನನ್ನನ್ನ ನೋಡಿದ್ಲು.

ಸಾಂಗಲಿಯೊಳಗ ಇಳದೆ. ಟ್ರಂಕು ಹೊತಗೊಂಡೇ ಇಳದೆ, ಹಾಸಿಗಿ, ಬುತ್ತಿ ಬಿಟ್ಟೆ. ತಿರಗಿ ಬರೂದರೊಳಗ ಎರಡು ತಾಸಿನ ಮ್ಯಾಲ ಆಗಿತ್ತು. ಅದ ಕಂಬದ ಬುಡಕ ನಿಂತಿದ್ಲು. ಬುಟ್ಟಿ ಇಟಗೊಂಡು ಕುಂತಿದ್ದ ಮುದುಕಿ ಒಂದು ಪೇರಲಹಣ್ಣು ಕೊಟ್ಟಿದ್ದಳಂತ, ಅರ್ಧಾ ತಿಂದು ಅರ್ಧಾ ನನಗ ಇಟ್ಟಿದ್ಲು. "ನಾ ಅಲುಗಾಡಲಿಲ್ಲ, ಅಣ್ಣಾ" ಅಂದ್ಲು.

ಆ ಅರ್ಧ ಹಣ್ಣಿನ ಮ್ಯಾಲ ನಾ ಕಥಿ ಕಟ್ಟಿದೆ. ಮನಿಗೆ ಬಂದು ಅಪ್ಪನ ಮುಂದ, "ಈಕಿ ಹಣ್ಣು ನೋಡಾಕ ಹೋದ್ಲು" ಅಂದೆ. ಒಂದ ಸಾಲು. ಆಕಿ ನನ್ನ ಮಾರಿ ನೋಡಿದ್ಲು, ಏನೂ ಅನಲಿಲ್ಲ. ಇಂಟರ್‌ವ್ಯೂದಾಗ ನಾ ಪಾಸಾಗಲಿಲ್ಲ ಅನ್ನೂದು ಬ್ಯಾರೆ ಮಾತು.

ಅಷ್ಟಕ್ಕ ಮುಗದಿದ್ದರ ಇವತ್ತ ನಾನೂ ನಗತಿದ್ದೆ. ಮುಂದ ಆಕಿ ಮೆಟ್ರಿಕ್ ಪಾಸಾಗಿ, ಗದಗಿನಿಂದ ದಿನಾ ರೈಲಿನ್ಯಾಗ ಧಾರವಾಡಕ್ಕ ಹೋಗಿ ಕಾಲೇಜು ಕಲೀತೇನಿ ಅಂದಾಗ, ಅಪ್ಪ ಏನಂದರು ಗೊತ್ತೇನು? "ಮಿರಜದಾಗ ತಪ್ಪಿಸಿಕೊಂಡಾಕಿ, ಈಕಿನ್ನ ರೈಲಿನ್ಯಾಗ ಒಬ್ಬಾಕಿನ್ನ ಹೆಂಗ ಕಳಸೂದು?" ನಾ ಪಡಸಾಲ್ಯಾಗ ಕುಂತು ಚಾ ಕುಡೀತಿದ್ದೆ. ಕುಡದು ಮುಗಿಸಿದೆ.

ಈಗ ಆಕಿ "ನಾ ಇಲ್ಲೇ ನಿಂತಿರತೇನಿ" ಅಂತ ನಗತಾಳ ಅಂತ ಬರದೀ.

ಹೆಂಗರೆ ಇರಲಿ. ಹತ್ತೂದು ಹೆಂಗ ಅಂತ ಹೇಳತೇನಿ, ತಪ್ಪು ತಿಳಕೋಬ್ಯಾಡ. ಮೊದಲ ಅವ್ವ. ಆಕಿ ಮ್ಯಾಲ ಹತ್ತಿ ಒಳಗ ಹಿಡಿಕಿ ಹಿಡಕೊಂಡು ನಿಂತ ಮ್ಯಾಲ ಬ್ಯಾಗು. ಬ್ಯಾಗು ಕೆಳಗ ಉಳದರ ಉಳೀಲಿ. ಆ ದೇಶದಾಗ ಭಾಳ ಕಡೆ ಫಲಾಟು ಗಾಡಿ ಬಾಗಿಲಕ್ಕಿಂತ ತೆಳಗ ಇರತಾವ, ಎರಡು ಮೂರು ಮೆಟ್ಟಲಾ ಏರಬೇಕಾಗತೈತಿ, ಆಕಿ ಮೊಣಕಾಲಿಗೆ ಹೊತ್ತು ಬೇಕು. ದೊಡ್ಡ ಠೇಸನ್ನುಗಳಾಗ ನಡಿಯಾಕ ತ್ರಾಸು ಇದ್ದವರ ಸಲುವಾಗಿ ಸಾಲಾ ಬ್ಲೂ ಅಂತ ಆಫೀಸು ಐತಿ, ಮುಂಚಿತ ಹೇಳಿದರ ಗಾಲಿ ಖುರ್ಚಿ ತಂದು ಗಾಡಿ ತನಕ ಒಯ್ದು ಹತ್ತಸ್ತಾರ, ಪುಕ್ಕಟೆ. ನಿಮ್ಮವ್ವ "ನಾನೇನು ಕುಂಟೀ ಏನು" ಅಂತಾಳ. ಅಣ್ಣ ಆಣಿ ಹಾಕ್ಯಾನ ಅಂತ ಹೇಳು. ತೆರ್ಮಿನಿಯೊಳಗ ಚಿವಿತವೆಕ್ಕಿಯಾ ಗಾಡಿ ನಿಲ್ಲೂ ಫಲಾಟು ನಡು ಹಾಲಿನಿಂದ ಭಾಳ ದೂರ. ಮೊನ್ನೆ ನಮ್ಮ ಹುಬ್ಬಳ್ಳಿ ಫಲಾಟು, ಜಗತ್ತಿನಾಗ ಎಲ್ಲಕ್ಕಿಂತ ಉದ್ದಂದು ಅಂತಾರಲ್ಲ, 1,507 ಮೀಟರು, ಅದರ ಈ ತುದಿಯಿಂದ ಆ ತುದಿ ಒಂದು ಚೀಲಾ ಹಿಡಕೊಂಡು ನಡದು ನೋಡಿದೆ. ಅರ್ಧಕ್ಕ ಕುಂತೆ. ಅದಕ್ಕ ಹೇಳತೇನಿ.

ಅಲ್ಲಿ ಫಲಾಟಿನ ನಂಬರು ಗಾಡಿ ಬಿಡೂದಕ್ಕ ಸ್ವಲ್ಪ ಮೊದಲಷ್ಟ ಫಲಕದ ಮ್ಯಾಲ ಬರತೈತಿ, ಬಂದ ಕೂಡಲೇ ಎಲ್ಲಾರೂ ಒಮ್ಮೆಲೇ ಎದ್ದು ಓಡತಾರ. ನೀ ಓಡಬ್ಯಾಡ. ವೆನಿಸಿನ ಫಾಸ್ಟ್ ಗಾಡ್ಯಾಗ ಡಬ್ಬಿ, ಸೀಟು ಎಲ್ಲಾ ಟಿಕೀಟಿನ ಮ್ಯಾಲ ಬರದಿರತೈತಿ, ಅದನ್ನ ಯಾರೂ ಕಸಗೊಳ್ಳೂದಿಲ್ಲ. ಲೋಕಲ್ ಗಾಡಿದು ಕಾಗದದ ಟಿಕೀಟಾದರ ಹತ್ತೂಕಿಂತ ಮೊದಲ ಮಷಿನ್ನಿನ್ಯಾಗ ಠಪ್ಪ ಒತ್ತಸು, ಮರತರ ದಂಡ ಹಾಕತಾರ.

ನಾಕು ಬ್ಯಾಗು ಬ್ಯಾಡ, ಪುಟ್ಟೀ. ಒಂದ ಸಲಕ್ಕ ಒಬ್ಬಾಕಿ ಎತ್ತಲಿಕ್ಕ ಆಗೂದಷ್ಟ ಇರಲಿ. ಎರಡು ಸಲ ಇಳದು ಹತ್ತೂದು ಬಂತು ಅಂದರ ಒಂದು ಸಲ ಯಾರರೆ ಕೆಳಗ ನಿಂತಿರಬೇಕಾಗತೈತಿ, ಮತ್ತ ಅದು ಯಾರು ಅಂತ ನನಗ ಗೊತ್ತು. ಆರು ಇಳಕಲ್ ಸೀರಿ ಇಟಗೊಂಡಾಳಂತ, ಮೂರು ತಗಿ. ಫೇಡಾ ಡಬ್ಬಿನೂ ತಗಿ. ಹೊರಗಿನ ಹಾಲಿನ ಪದಾರ್ಥ ಯುರೋಪಿನವರು ಒಳಗ ಬಿಡೂದಿಲ್ಲ, ಧಾರವಾಡದ ಫೇಡಾ ಅಂದರೂ ಕೇಳೂದಿಲ್ಲ. ಶೇಂಗಾ ಚಟ್ನಿ, ಖಡಕ್ ರೊಟ್ಟಿ ಇರಲಿ.

ಹಡಗ ಇಳಿಯೂ ಮುಂಚಿನ ರಾತ್ರಿ ಬ್ಯಾಗಿಗೆ ಚೀಟಿ ಕಟ್ಟಿ ಕೋಲಿ ಹೊರಗ ಇಡಸ್ತಾರ, ಮುಂಜಾನೆ ಬಂದರದ ಹಾಲಿನ್ಯಾಗ ಸಾಲಾಗಿ ನಿಂತಿರತಾವ. ಅವ್ವನ ಗುಳಿಗಿ, ಪಾಸ್‌ಪೋರ್ಟ್, ಮರುದಿನದ ಅರಿವಿ ಕೈಚೀಲದಾಗ ಇರಲಿ, ಎಲ್ಲಾ ಹೊರಗ ಇಟ್ಟು ರಾತ್ರಿ ಅರಿವಿ ಮ್ಯಾಲ ಇಳದವರೂ ಇದ್ದಾರಂತ. ಮತ್ತ ನನ್ನ ಕಸಬಿನ ಮಾತೊಂದು: ಹೆಸರು, ಫೋನ್ ನಂಬರು ಬರದ ಚೀಟಿ ಬ್ಯಾಗಿನ ಒಳಗೂ ಒಂದು ಇಡು. ಹೊರಗಿಂದು ಹರೀತೈತಿ. ಅವ್ವನ ರವಕಿ ಕಿಸೆ ಇಲ್ಲದ್ದಾದರ ಆಕಿ ಕೈಚೀಲದಾಗೂ ಒಂದು ಇಡು, ಹೋಟೆಲಿನ ಹೆಸರು, ನಿನ್ನ ನಂಬರು. ಇದು ಸಾಮಾನಿಗೆ ಕಟ್ಟೂ ಚೀಟಿ ಅಲ್ಲ, ಹಂಗ ತಿಳಕೋಬ್ಯಾಡ.

ತ್ರಿಯೆಸ್ತೆಗೆ ಬಂದ ದಿನಾನ ಹಡಗ ಹತ್ತೂ ಹಂಗ ಟಿಕೀಟು ತಗಸಿದ್ದರ ರದ್ದ ಮಾಡು. ರೈಲು ತಡಾ ಆದರ ಹಡಗ ಕಾಯೂದಿಲ್ಲ, ಬಿಡೂ ಹೊತ್ತಿಗಿಂತ ಭಾಳ ಮೊದಲ ಹತ್ತಿಸಿಕೊಳ್ಳೂದು ನಿಂದರಸ್ತಾರ. ತ್ರಿಯೆಸ್ತೆದಾಗ ಒಂದು ರಾತ್ರಿ ಇರ್ರಿ. ಠೇಸನ್ನಿನಿಂದ ಹಡಗಕಟ್ಟಿ ದೂರಿಲ್ಲ. ಆ ಊರಾಗ ಬೋರಾ ಅಂತ ಗಾಳಿ ಬೀಸತೈತಿ, ಜೋರಂದರ ಎಷ್ಟು ಜೋರು ಅಂದರ, ಹಿಂದ ಓಣ್ಯಾಗ ಮಂದಿ ಹಿಡಕೊಂಡು ನಡೀಲಿ ಅಂತ ಹಗ್ಗಾ ಕಟ್ಟತಿದ್ದರಂತ. ಓದಿ ನನಗ ನಗಿನೂ ಬಂತು, ಎದಿನೂ ಹಾರಿತು. ಹೆಚ್ಚಾಗಿ ಥಂಡಿ ದಿನದಾಗ ಬೀಸೂದಂತ, ನೀವು ಹೋಗೂದು ಸೆಪ್ಟೆಂಬರಿನ್ಯಾಗ. ಆದರೂ ಕೈ ಹಿಡಕೊಂಡ ನಡಿ.

ಈ ಪತ್ರ ಅವ್ವಗ ಓದಿ ಹೇಳು ಅನ್ನಲೋ, ಬ್ಯಾಡ ಅನ್ನಲೋ, ಎರಡು ಸಲ ಬರದು ಹೊಡದು ಹಾಕಿದೆ. ಓದಬ್ಯಾಡ. ಭಾನುವಾರ ನಾನ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಹೋಗತೇನಿ, ಆಕಿ ಬ್ಯಾಗು ತೂಗೂದೈತಿ ಅಂತ ನೆವಾ ಮಾಡಿಕೊಂಡು. ಸ್ಪ್ರಿಂಗ್ ಕಾಟಾ ನನ್ನ ಹಂತ್ಯಾಕ ಇನ್ನೂ ಐತಿ. ಆಕಿ ಊರಾಗ ಇರತಾಳೋ ಇಲ್ಲೋ ಕೇಳಿ ತಿಳಸು, ನಾ ಬರೂ ಸುದ್ದಿ ಮಾತ್ರ ಹೇಳಬ್ಯಾಡ.

ನಿನ್ನ
ಮಾಮಾ